ಪರಂಗಿ ಕೋಟೆಯ ಹೊಸ ಗಾರೆ

ಸುಬ್ರಾಯ ಬಂದಿದ್ದಾನೆ ಎಂಬ ಸುದ್ದಿಯನ್ನು ಬೆಳಿಗ್ಗೆ ದೋಣಿಯ ಹಮ್ಮಣ್ಣ ತಂದ.

ಆಶ್ರಮ ಇದ್ದದ್ದು ನದಿಯ ಈ ದಡದಲ್ಲಿ. ಸುಬ್ರಾಯ ಆ ದಡದಲ್ಲಿ, ದೋಣಿ ಕಟ್ಟುವ ಮೆಟ್ಟಿಲ ಮೇಲೆ ಕೊಡೆ ಬಿಚ್ಚಿಕೊಂಡು ಕೂತಿದ್ದನಂತೆ. ಕರೆದರೆ ದೋಣಿ ಹತ್ತುತ್ತಾನಂತೆ. ಕರೆಯದಿದ್ದರೆ ಸಂಜೆಯ ಬಸ್ಸಿಗೆ ಬಂದ ದಾರಿಯಲ್ಲೇ ವಾಪಸಂತೆ.

"ಏನು ಹೇಳಲಿ?" ಎಂದು ಹಮ್ಮಣ್ಣ ಕೇಳಿದ.

ಪರಮಯ್ಯ ಗುರುಗಳು ಶಿಷ್ಯನ ಕಡೆ ಕೈ ತೋರಿಸಿದರು. "ಬೀಗದ ಕೈ ಮಹಾಬಲನ ಸೊಂಟದಲ್ಲಿ ಉಂಟು. ಅವನನ್ನೇ ಕೇಳು."

"ಜಾಗ ಇಲ್ಲ ಅಂತ ಹೇಳು," ಎಂದ ಮಹಾಬಲ.

ಆಶ್ರಮದಲ್ಲಿ ಇದ್ದವರು ಅವರಿಬ್ಬರೇ. ಉಳಿದ ಕೋಣೆಗಳಲ್ಲಿ ಬಾವಲಿಗಳಿದ್ದವು. ಹಮ್ಮಣ್ಣ ಖಾಲಿ ಜಗಲಿಯನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿ ತಲೆ ಕೆರೆದುಕೊಂಡ.

"ಈಗಲೇ ಹೇಳಬೇಡ ಹಮ್ಮಣ್ಣ," ಎಂದರು ಗುರುಗಳು. "ಮಧ್ಯಾಹ್ನ ನಾವೇ ದೋಣಿಯ ಹತ್ತಿರ ಬಂದು ಹೇಳ್ತೇವೆ. ಹೇಗೂ ನನಗೆ ಪರಂಗಿ ಕೋಟೆ ನೋಡಬೇಕು. ರಿಪೇರಿ ಆಗ್ತಾ ಉಂಟಂತೆ."

ಮಹಾಬಲನಿಗೆ ರೇಗಿತು. ಕೇಳಿದ್ದು ಒಂದು, ಆಗುತ್ತಿರುವುದು ಇನ್ನೊಂದು. ಗುರುಗಳ ಹತ್ತಿರ ಯಾವಾಗಲೂ ಹೀಗೆಯೇ.

ಅವನ ಸಿಟ್ಟಿಗೆ ಕಾರಣ ಇಲ್ಲದಿರಲಿಲ್ಲ. ಮಹಾಬಲ, ಸುಬ್ರಾಯ ಇಬ್ಬರೂ ಒಂದೇ ಮಳೆಗಾಲದಲ್ಲಿ ಆಶ್ರಮಕ್ಕೆ ಸೇರಿದವರು. ಒಂದೇ ಚಾಪೆ, ಒಂದೇ ಲಾಟೀನು. ಒಬ್ಬನಿಗೆ ಬೈದರೆ ಇನ್ನೊಬ್ಬ ಅಳುತ್ತಿದ್ದ. ಹೀಗಿರುವಾಗ ಸುಬ್ರಾಯ ತಂಗಿಯ ಮದುವೆಗೆಂದು ಊರಿಗೆ ಹೊರಟ. "ಬರ್ತೇನೆ" ಎಂದ. ಹೋದವನು ಬರಲಿಲ್ಲ. ಕಾಗದವೂ ಇಲ್ಲ, ಸುದ್ದಿಯೂ ಇಲ್ಲ.

ಆ ಸೀಮೆಯಲ್ಲಿ ಮನೆಯಿಂದ ಹೊರಡುವವರು ಯಾರೂ "ಹೋಗ್ತೇನೆ" ಎನ್ನುವುದಿಲ್ಲ. ಅದು ಅಪಶಕುನ. "ಬರ್ತೇನೆ" ಎನ್ನುತ್ತಾರೆ. ಉಳಿಯುವವರು "ಹೋಗಿ ಬಾ" ಎನ್ನುತ್ತಾರೆ. ಮತ್ತೆಂದೂ ಬಾರದವರು ಕೂಡ ಹಾಗೇ ಹೇಳಿ ಹೋಗುತ್ತಾರೆ, ಯಾರೂ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ.

ಮಹಾಬಲ ಮಾತ್ರ ಹಚ್ಚಿಕೊಂಡಿದ್ದ. ಆಶ್ರಮಕ್ಕೆ ಬಂದವರಿಗೆಲ್ಲ ಮೊದಲು ನೀರು ಕೊಡುತ್ತಿದ್ದ, ಆಮೇಲೆ ಸುಬ್ರಾಯನ ಕಥೆ ಹೇಳುತ್ತಿದ್ದ. ಕೆಲವರು ನೀರು ಕುಡಿಯದೆಯೇ ಹೊರಟುಬಿಡುತ್ತಿದ್ದರು.

ಇಬ್ಬರೂ ಸುಡುಬಿಸಿಲಿನಲ್ಲಿ ನಡೆದರು.

"ಗುರುಗಳೇ, ಈ ಬಿಸಿಲಲ್ಲಿ ಕೋಟೆ ಯಾಕೆ?"

"ಕೋಟೆ ಬಿಸಿಲಲ್ಲೇ ಉಂಟಲ್ಲ, ಮಾರಾಯ."

ಮಹಾಬಲ ಹಲ್ಲು ಕಚ್ಚಿ ನಡೆದ.

ಕೋಟೆ ಈ ದಡದ ದೋಣಿ ಮೆಟ್ಟಿಲಿನ ನೆತ್ತಿಯ ಮೇಲೇ ಇತ್ತು. ಹಿಂದೆ ಹಡಗಿನಲ್ಲಿ ಬಂದ ಪರಂಗಿಯವರು ಮೆಣಸಿನ ವ್ಯಾಪಾರಕ್ಕೆಂದು ಕಟ್ಟಿಸಿದ್ದು. ಕೆಂಪುಕಲ್ಲಿನ ಗೋಡೆ, ಮೂಲೆಗೊಂದು ಬುರುಜು, ನದಿಯ ಕಡೆಗೆ ಕೋವಿ ಇಡುವ ಕಿಂಡಿಗಳು. ಈಗ ಗೋಡೆಯ ತುಂಬ ಬಿದಿರಿನ ಅಟ್ಟಣಿಗೆ ಕಟ್ಟಿದ್ದರು. ಬಾಗಿಲಿಗೆ ಒಂದು ಬೋರ್ಡು: ಜೀರ್ಣೋದ್ಧಾರ ಕಾಮಗಾರಿ ನಡೆಯುತ್ತಿದೆ. ಪ್ರವೇಶವಿಲ್ಲ.

"ನೋಡಿ, ಪ್ರವೇಶವಿಲ್ಲ," ಎಂದ ಮಹಾಬಲ. ಅವನ ದನಿಯಲ್ಲಿ ಸ್ವಲ್ಪ ಸಂತೋಷವೇ ಇತ್ತು.

ಬಾಗಿಲಲ್ಲಿ ಕೂತಿದ್ದ ಕಾವಲಿನ ಬೊಮ್ಮಯ್ಯ ಎದ್ದು ನಿಂತ. "ಕೆಲಸದವರು ಊಟಕ್ಕೆ ಹೋಗಿದ್ದಾರೆ ಸ್ವಾಮಿಗಳೇ. ನೀವಾದರೆ ಒಂದು ಸುತ್ತು ನೋಡಿ ಬನ್ನಿ. ಆದರೆ ಇದನ್ನು ಹಾಕಿಕೊಳ್ಳದೆ ಬಿಡೋ ಹಾಗಿಲ್ಲ."

ಅವನ ಕೈಯಲ್ಲಿ ಎರಡು ಹಳದಿ ಹೆಲ್ಮೆಟ್ ಇದ್ದವು.

ಗುರುಗಳು ಒಂದನ್ನು ತೆಗೆದುಕೊಂಡು ಬೋಳುತಲೆಯ ಮೇಲೆ ಇಟ್ಟು ಎರಡು ಸಲ ತಟ್ಟಿಕೊಂಡರು. "ಹೇಗೆ ಕಾಣ್ತೇನೆ?"

"ಅಯ್ಯೋ ಗುರುಗಳೇ," ಎಂದ ಮಹಾಬಲ. ಅವನ ಹೆಲ್ಮೆಟ್ ದೊಡ್ಡದಾಗಿತ್ತು. ತಲೆ ಬಗ್ಗಿಸಿದರೆ ಕಣ್ಣ ಮೇಲೆ ಬೀಳುತ್ತಿತ್ತು.

ಒಳಗೆ ಸುಣ್ಣದ ತೊಟ್ಟಿ, ಮರಳಿನ ರಾಶಿ, ಗಾರೆಗೆ ಬೆರೆಸುವ ಬೆಲ್ಲದ ನೀರಿನ ಪೀಪಾಯಿ. ಎಲ್ಲೆಲ್ಲೂ ಧೂಳು. ಮಹಾಬಲ ಎರಡು ಸಲ ಸೀನಿದ. ಮೂರನೆಯ ಸೀನಿಗೆ ಹೆಲ್ಮೆಟ್ ಮೂಗಿಗೆ ಬಡಿಯಿತು. ಅವನ ತಾಳ್ಮೆ ಅಲ್ಲಿಗೆ ಮುಗಿಯಿತು.

"ಗುರುಗಳೇ, ಪರಂಗಿಯವರು ಇದ್ದಾಗ ನಮ್ಮವರನ್ನು ಒಳಗೆ ಬಿಡಲಿಲ್ಲ. ಬಾಗಿಲ ಮುಂದೆ ಸುಳಿದರೆ ಗುಂಡು ಹಾರಿಸ್ತಿದ್ದರಂತೆ. ಅವರು ಹೋಗಿ ಎಷ್ಟು ಕಾಲ ಆಯ್ತು! ಇಲ್ಲದವರ ಗೋಡೆಗೆ ಗಾರೆ ಹಚ್ಚಿಕೊಂಡು ಕೂರೋದು ಯಾವ ಸೀಮೆಯ ಬುದ್ಧಿವಂತಿಕೆ?"

ಗುರುಗಳು ಗಕ್ಕನೆ ನಿಂತರು. "ಏನಂದೆ? ಇನ್ನೊಂದು ಸಲ ಹೇಳು."

"ಇಲ್ಲದವರ ಗೋಡೆಗೆ ಗಾರೆ ಹಚ್ಚಿಕೊಂಡು ಕೂರೋದು ಯಾವ ಸೀಮೆಯ ಬುದ್ಧಿವಂತಿಕೆ ಅಂದೆ!"

"ಒಳ್ಳೆ ಮಾತು," ಎಂದು ಗುರುಗಳು ಬೊಮ್ಮಯ್ಯನ ಕಡೆ ತಿರುಗಿದರು. "ಬೊಮ್ಮಯ್ಯಾ, ಪರಂಗಿಯವರು ಹೊರಡುವಾಗ 'ಬರ್ತೇವೆ' ಅಂದಿದ್ದರೇನು?"

"ನಾನು ಹುಟ್ಟಿರಲಿಲ್ಲ ಸ್ವಾಮಿಗಳೇ."

"ಅಲ್ಲ, ಗೋಡೆ ಇಷ್ಟು ಗಟ್ಟಿ ಮಾಡ್ತಾ ಇದ್ದೀರಲ್ಲ. ಬರ್ತಾರೇನೋ ಅಂದುಕೊಂಡೆ."

ಬೊಮ್ಮಯ್ಯ ನಗುತ್ತ ತನ್ನ ಬುತ್ತಿಯ ಕಡೆಗೆ ಹೋದ. ಮಹಾಬಲ ನಗಲಿಲ್ಲ.

"ಗುರುಗಳೇ, ದೋಣಿ ಕಾಯ್ತಾ ಉಂಟು. 'ಜಾಗ ಇಲ್ಲ' ಅಂತ ಒಂದು ಮಾತು ಹೇಳಿ ಆಶ್ರಮಕ್ಕೆ ಹೋಗೋಣ."

"ಹೋಗೋಣ. ಅದಕ್ಕೆ ಮೊದಲು ಆ ಸುಬ್ರಾಯ ಹೋದ ದಿನದ ಕಥೆ ಒಂದು ಸಲ ಹೇಳಿಬಿಡು. ನನಗೆ ಮರೆತುಹೋಗಿದೆ."

ಯಾರಿಗೆ ಮರೆತರೂ ಗುರುಗಳಿಗೆ ಅದು ಮರೆಯಲು ಸಾಧ್ಯವಿರಲಿಲ್ಲ. ಆದರೂ ಆ ಕಥೆ ಹೇಳು ಎಂದು ಕೇಳಿದವರು ಇಷ್ಟು ವರ್ಷಗಳಲ್ಲಿ ಇವರೊಬ್ಬರೇ. ಮಹಾಬಲ ಹೆಲ್ಮೆಟ್ ಹಿಂದಕ್ಕೆ ಸರಿಸಿ ಶುರುಮಾಡಿದ.

"ಆವತ್ತು ಜಡಿಮಳೆ."

ಗುರುಗಳು ಬಗ್ಗಿ, ಯಾರೋ ಬಿಟ್ಟುಹೋಗಿದ್ದ ಕರಣೆ ಕೈಗೆ ತೆಗೆದುಕೊಂಡರು. ಬಾಂಡಲಿಯಿಂದ ಒಂದು ಮುದ್ದೆ ಹಸಿ ಗಾರೆ ಎತ್ತಿ ಗೋಡೆಗೆ ಹೊಡೆದರು. ಪಚಕ್ಕೆಂದು ಅಂಟಿತು.

"ಏನು ಮಾಡ್ತಿದ್ದೀರಿ?"

"ಕೇಳ್ತಾ ಇದ್ದೇನೆ. ಹೇಳು."

"ನನಗೆ ಜ್ವರ. ಮೈ ಕೆಂಡದ ಹಾಗೆ ಸುಡ್ತಾ ಇತ್ತು. ಏಳೋಕೂ ಆಗ್ತಿರಲಿಲ್ಲ."

ಪಚಕ್.

"ಅಂಥಾದ್ದರಲ್ಲಿ ಅವನು ಆಶ್ರಮದ ಒಂದೇ ಒಂದು ಕೊಡೆಯನ್ನೂ ಎತ್ತಿಕೊಂಡ."

ಪಚಕ್. ಈ ಸಲ ಗುರುಗಳು ಅದನ್ನು ಕರಣೆಯ ಬೆನ್ನಿನಿಂದ ನೀಟಾಗಿ ಸವರಿದರು ಕೂಡ.

"ಬಾಗಿಲಲ್ಲಿ ನಿಂತು ನನ್ನ ಮುಖ ನೋಡಿ ನಕ್ಕ. ವ್ಯಂಗ್ಯದ ನಗು. ಆಮೇಲೆ 'ಬರ್ತೇನೆ' ಅಂದ. ಗುರುಗಳೇ, ನೀವು ಕೇಳ್ತಾ ಇದ್ದೀರೋ, ಗೋಡೆ ಕಟ್ತಾ ಇದ್ದೀರೋ?"

"ಎರಡೂ. ನಗು ಎಷ್ಟು ದಪ್ಪ ಇತ್ತು?"

"ದಪ್ಪ ಅಂದರೆ?"

"ಇರಲಿ, ನಾನೇ ನೋಡಿಕೊಳ್ತೇನೆ," ಎಂದು ಗುರುಗಳು ದೊಡ್ಡ ಮುದ್ದೆಯನ್ನೇ ಎತ್ತಿದರು. ಪಚಕ್.

ಆ ಸದ್ದಿಗೆ ಬೊಮ್ಮಯ್ಯ ಕೈತುತ್ತು ಹಿಡಿದುಕೊಂಡೇ ಓಡಿಬಂದ. "ಸ್ವಾಮಿಗಳೇ! ಏನಿದು! ಅದು ಮೊದಲಿನ ಕಲ್ಲು, ಅದರ ಮೇಲೆ ಏನೂ ಮೆತ್ತಬಾರದು ಅಂತಲೇ ಹೇಳಿದ್ದಾರೆ. ಆಮೇಲಿನವರು ಮೆತ್ತಿದ್ದನ್ನು ಕೆರೆದು ತೆಗೆಯೋಕೇ ನಮಗೆ ಒಂದು ಬೇಸಿಗೆ ಹಿಡೀತು. ಇಂಜಿನಿಯರು ನೋಡಿದರೆ ನಾಳೆ ನನ್ನನ್ನೇ ಗೋಡೆಗೆ ಮೆತ್ತುತ್ತಾರೆ!"

"ತಪ್ಪಾಯ್ತು ಬೊಮ್ಮಯ್ಯಾ. ಈಗ ಏನು ಮಾಡೋದು?"

"ಏನು ಮಾಡೋದು ಅಂದರೆ! ಹಸಿ ಇರುವಾಗಲೇ ಕೆರೀಬೇಕು. ಒಣಗಿ ಗಟ್ಟಿಯಾದರೆ ಕಲ್ಲನ್ನೂ ಕಿತ್ತುಕೊಂಡು ಬರ್ತದೆ."

ಗುರುಗಳು ಕರಣೆಯನ್ನು ಮಹಾಬಲನ ಕೈಗಿಟ್ಟರು. "ಕೆರಿ."

"ನಾನ್ಯಾಕೆ? ಮೆತ್ತಿದ್ದು ನೀವು!"

"ನಾನು ಮೆತ್ತಿದೆ. ಗಾರೆ ನಿನ್ನದು."

ಮಹಾಬಲನಿಗೆ ಅಳುವಷ್ಟು ಕೋಪ ಬಂತು. ಆದರೂ ಬೊಮ್ಮಯ್ಯನ ಮುಖ ನೋಡಲಾರದೆ ಮೇಲಿನ ಮುದ್ದೆಗೆ ಕರಣೆ ಹಾಕಿದ. ಗುರುಗಳು ಪಕ್ಕದಲ್ಲಿ ಮರಳಿನ ರಾಶಿಯ ಮೇಲೆ ಕೂತರು.

"ಅದು ಯಾವುದು?" ಎಂದು ಕೇಳಿದರು.

"ಯಾವುದು ಅಂದರೆ?"

"ಮೊದಲು ಹೊಡೆದದ್ದು. ಮಳೆ ಅಲ್ಲವೇ? ಹೋದ ವರ್ಷ ಹೇಳುವಾಗ ಮಳೆ ಇರಲಿಲ್ಲ."

ಮಹಾಬಲ ಕರಣೆಯ ತುದಿಯಿಂದ ಮುದ್ದೆಯನ್ನು ಕೆದಕಿದ. "ಮೋಡ ಇತ್ತು," ಎಂದ.

"ತೆಗಿ ಹಾಗಾದರೆ. ಜ್ವರ?"

"ಶೀತ ಆಗಿತ್ತು, ಗುರುಗಳೇ. ಶೀತವೂ ಕಡಿಮೆ ಏನಲ್ಲ."

"ತೆಗಿ. ಕೊಡೆ?"

"ನಾನೇ..." ಮಹಾಬಲ ಗೋಡೆಯ ಕಡೆ ಮುಖ ಮಾಡಿ ಹೇಳಿದ, "ಮೋಡ ಇತ್ತಲ್ಲ, ನಾನೇ ಕೊಟ್ಟೆ."

"ಆ ವ್ಯಂಗ್ಯದ ನಗು?"

"ಅವನ ಮುಖ ಇರೋದೇ ಹಾಗೆ."

ಬೊಮ್ಮಯ್ಯ ಕಿಸಕ್ಕೆಂದ. ಮಹಾಬಲ ತಿರುಗಿ ದುರುಗುಟ್ಟಿ ನೋಡಿದ. ಹೆಲ್ಮೆಟ್ ಕಣ್ಣ ಮೇಲೆ ಬಿದ್ದದ್ದರಿಂದ ಆ ನೋಟ ಯಾರಿಗೂ ಕಾಣಲಿಲ್ಲ.

ಗಾರೆಯೆಲ್ಲ ಕೆಳಗೆ ಬಿದ್ದಿತ್ತು. ಗೋಡೆಯಲ್ಲಿ ಒದ್ದೆಯಾದ ಕೆಂಪುಕಲ್ಲು ಕಾಣುತ್ತಿತ್ತು.

"ಈಗ ಏನು ಉಳೀತು?" ಎಂದರು ಗುರುಗಳು. ಈ ಸಲ ಅವರ ದನಿಯಲ್ಲಿ ತಮಾಷೆ ಇರಲಿಲ್ಲ.

"ಅವನು 'ಬರ್ತೇನೆ' ಅಂದ."

"ನೀನು?"

"'ಹೋಗಿ ಬಾ' ಅಂದೆ."

"ಅಷ್ಟೇ?"

"ಅಷ್ಟೇ ಅಂದರೆ ಏನು ಗುರುಗಳೇ!" ಮಹಾಬಲ ಕರಣೆಯನ್ನು ನೆಲಕ್ಕೆ ಕುಕ್ಕಿದ. "ಲೋಕವೆಲ್ಲ ಸುಮ್ಮನೆ ಬಾಯಿಮಾತಿಗೆ ಹೇಳ್ತದೆ. ನಾನು ನಿಜ ಅಂದುಕೊಂಡೆ. ದಿನಾ ರಾತ್ರಿ ಊಟಕ್ಕೆ ಒಂದು ಎಲೆ ಹೆಚ್ಚು ಹಾಕ್ತಿದ್ದೆ. ನೀವೂ ನೋಡಿದ್ದೀರಿ. ಬರ್ತಾನೆ, ಬಂದಾಗ ಅನ್ನ ಇಲ್ಲ ಅನ್ನೋ ಹಾಗೆ ಆಗಬಾರದು ಅಂತ. ಆಮೇಲೆ ಒಂದು ದಿನ ಹಾಕಲಿಲ್ಲ. ಆವತ್ತು ನನಗೆ ಊಟ ಸೇರಲಿಲ್ಲ. ಯಾಕೆ ಬರಲಿಲ್ಲ ಅವನು?"

"ನನಗೇನು ಗೊತ್ತು?" ಎಂದರು ಗುರುಗಳು. ಅವರ ತಾಳ್ಮೆಯೂ ತೀರಿದ ಹಾಗಿತ್ತು. "ನಾನೇನು ಅವನ ಜೊತೆಗೆ ಹೋಗಿದ್ದೆನೇ? ಇಷ್ಟು ವರ್ಷ ಬಂದವರನ್ನು, ಹೋದವರನ್ನು, ಹಾಲಿನವಳನ್ನು, ನನ್ನನ್ನು, ಎಲ್ಲರನ್ನೂ ಕೇಳಿದೆ. ಕೇಳಬೇಕಾದವನನ್ನು ಹೊಳೆಯ ಆಚೆ ಬಿಸಿಲಲ್ಲಿ ಕೂರಿಸಿದ್ದೀಯ."

ಮಹಾಬಲನ ಎದುರಿಗೇ ಗೋಡೆಯಲ್ಲಿ ಕೋವಿಯ ಕಿಂಡಿ ಇತ್ತು. ಹೊರಗೆ ನೋಡಲೆಂದಲ್ಲ, ಗುರುಗಳ ಮುಖ ತಪ್ಪಿಸಲೆಂದು ಅವನು ಅದರಲ್ಲಿ ಕಣ್ಣಿಟ್ಟ.

ಒಂದು ಅಂಗೈಯಗಲದ ನದಿ ಕಂಡಿತು. ಅದರಾಚೆ ಮೆಟ್ಟಿಲು. ಮೆಟ್ಟಿಲ ಮೇಲೆ ಒಂದು ಕಪ್ಪು ಕೊಡೆ. ಕೊಡೆಯ ಬಟ್ಟೆಗೆ ಒಂದು ಕಡೆ ಹಳೆಯ ಪಂಚೆಯ ಬಿಳಿ ತೇಪೆ ಹಾಕಿತ್ತು. ಆ ತೇಪೆ ಮಹಾಬಲನಿಗೆ ಗೊತ್ತಿತ್ತು. ಹೊಲಿದವನೇ ಅವನು.

"ಕಾಣ್ತದೋ?" ಎಂದರು ಗುರುಗಳು.

"ಕಾಣ್ತದೆ."

"ಯಾರು?"

"ಈ ಕಿಂಡಿಯಿಂದ ಸರಿಯಾಗಿ ಕಾಣೋದಿಲ್ಲ."

"ಅದು ಗುಂಡು ಹೊಡೆಯೋರಿಗೆ ಅಂತ ಮಾಡಿದ ಕಿಂಡಿ, ಮಾರಾಯ. ಮುಖ ನೋಡೋದಕ್ಕಲ್ಲ."

ಕೆಳಗಿನಿಂದ ಹಮ್ಮಣ್ಣನ ಕೂಗು ಕೇಳಿಸಿತು. "ಓ ಸ್ವಾಮಿಗಳೇ! ಇಳಿತ ಶುರುವಾಯ್ತು! ಇನ್ನು ತಡ ಮಾಡಿದರೆ ದೋಣಿ ಕೆಸರಲ್ಲಿ ಕೂರ್ತದೆ! ಏನು ಹೇಳಲಿ ಅವರಿಗೆ?"

ಮಹಾಬಲ ಕಿಂಡಿಯಿಂದ ಕಣ್ಣು ತೆಗೆದ. ಹೆಲ್ಮೆಟ್ ತೆಗೆದು ಕೈಯಲ್ಲಿ ಹಿಡಿದುಕೊಂಡ. ಬೆರಳಿಗೆಲ್ಲ ಸುಣ್ಣ ಮೆತ್ತಿ ಸಣ್ಣಗೆ ಉರಿಯುತ್ತಿತ್ತು.

"ಬರ್ತೇನೆ ಅಂದವನು ಇಷ್ಟು ವರ್ಷ ಬರಲಿಲ್ಲ, ಗುರುಗಳೇ," ಎಂದ. ಅದನ್ನು ಅವನು ಸಾವಿರ ಸಲ ಹೇಳಿರಬಹುದು. ಈ ಸಲ ಅದು ದೂರಿನ ಹಾಗೆ ಕೇಳಿಸಲಿಲ್ಲ.

ಗುರುಗಳು ಮರಳಿನ ರಾಶಿಯಿಂದ ಎದ್ದು ಪಂಚೆ ಕೊಡವಿಕೊಂಡರು.

"ಬರ್ತೇನೆ ಅಂದವನು ಬಂದು ಕೂತಿದ್ದಾನೆ. ಹೋಗಿ ಬಾ ಅಂದವನು ಎಲ್ಲಿ?"