ಅತ್ತೆಸುತ್ತು

೨೦೦೯, ಜುಲೈ ೧೨. ಬೆಳಗಿನಿಂದ ಮೋಡ ಕವಿದಿತ್ತು. ಗಾಳಿ ಬೀಸಿತೇ ಹೊರತು ಹನಿ ಬೀಳಲಿಲ್ಲ. ಕರಿಗುಡ್ಡದ ಕುರಿಗಾರರ ಹಟ್ಟಿಯಿಂದ ಕೆರೆಯ ಕಡೆಗೆ ಇಳಿಯುವಲ್ಲಿ ಒಂದು ದಿಬ್ಬವಿದೆ. ಅದರ ಹೆಸರು ಅತ್ತೆಸುತ್ತು. ಅಲ್ಲಿ ಗುಡಿಯಿಲ್ಲ, ನಿಲ್ಲಿಸಿದ ಕಲ್ಲೂ ಇಲ್ಲ. ಎದೆಯೆತ್ತರದ ಲಕ್ಕಿಗಿಡಗಳ ದುಂಡು ಬೇಲಿ, ನಡುನಡುವೆ ನಾಯಿತುಳಸಿ, ಬೇಲಿಯ ಹೊರಗೆ ಸವೆದು ತಗ್ಗಾದ ಕಾಲುದಾರಿ. ಒಳಗೆ ಬರೀ ನೆಲ. ನಾನು ಹೋದ ಸಂಜೆ ಒಬ್ಬಾತ ಕೋಲಿನಿಂದ ಎಲೆಗಳನ್ನು ಬಡಿಯುತ್ತ ಸುತ್ತುತ್ತಿದ್ದ. ಎಡಗಾಲು ಕುಂಟುತ್ತಿತ್ತು. ಇದು ಯಾವ ದೇವರೆಂದು ಕೇಳಿದೆ. ಅವನು ನನ್ನತ್ತ ನೋಡಿದನೇ ಹೊರತು ಉತ್ತರಿಸಲಿಲ್ಲ. "ಕೋಲು ಹಿಡಿದೋರು ಮಾತಾಡಂಗಿಲ್ಲ ಸ್ವಾಮಿ. ನನ್ನ ಕೇಳಿ, ನಾನು ಬೇಡ ಅಂದ್ರೂ ಬಿಡೋನಲ್ಲ," ಎಂದರು ನನ್ನ ಜೊತೆ ಬಂದಿದ್ದ ಹಟ್ಟಿಯ ಹಿರಿಯ ಪಾತಯ್ಯ.

ಅವರು ಹೇಳಿದ್ದು ಇದು. ಹಿಂದೆ ಈ ಹಟ್ಟಿಯಲ್ಲಿ ಹೆರಿಗೆಯಾದ ಹೆಂಗಸು ಸೂತಕ ಕಳೆಯುವವರೆಗೆ, ಎರಡು ತಿಂಗಳು, ಊರಾಚೆಯ ಸೊಪ್ಪಿನ ಗುಡಿಸಲಲ್ಲಿ ಇರಬೇಕಿತ್ತು. ಯಾರೂ ಅವಳನ್ನು ಮುಟ್ಟುವಂತಿರಲಿಲ್ಲ. ನೆರೆಯಾಕೆಯೊಬ್ಬಳು ಅನ್ನವನ್ನು ದೂರದಲ್ಲಿಟ್ಟು ಬರುತ್ತಿದ್ದಳು. ಗುಡಿಸಲು ಇದ್ದದ್ದು ಈ ದಿಬ್ಬದ ಮೇಲೆ. ಸಂಜೆಯಾದರೆ ಕೆರೆಯಿಂದ ಸೊಳ್ಳೆ ಮೋಡದಂತೆ ಏಳುತ್ತಿತ್ತು. ಹೊಗೆ ಹಾಕೋಣವೆಂದರೆ ಒಣಸೊಪ್ಪಿಗೆ ಕಿಡಿ ಹಾರುವ ಭಯ. ಕಾಟವ್ವ ಎಂಬಾಕೆಯ ಸೊಸೆ ಸಿರಿಯಮ್ಮನ ಮೊದಲ ಕೂಸು ಅಲ್ಲಿಯೇ ಜ್ವರ ಬಂದು ತೀರಿಕೊಂಡಿತು. ಅತ್ತೆ ಸೊಸೆಗೆ ಮೊದಲೇ ಸರಿಯಿರಲಿಲ್ಲ. ಆಮೇಲೆ ಮಾತೂ ನಿಂತಿತು. ಆದರೆ ಆ ಮಳೆಗಾಲದಲ್ಲಿ ಕಾಟವ್ವ ಯಾರಿಗೂ ಹೇಳದೆ ಗುಡಿಸಲಿನ ಸುತ್ತ ಲಕ್ಕಿಯ ಕಡ್ಡಿ ನೆಟ್ಟಳು, ಕೆರೆಯಿಂದ ನೀರು ಹೊತ್ತಳು. ಸೊಸೆ ಮತ್ತೆ ಬಸುರಿಯಾಗುವ ಹೊತ್ತಿಗೆ ಬೇಲಿ ಎದೆಯವರೆಗೆ ಬೆಳೆದಿತ್ತು ಎನ್ನುತ್ತಾರೆ.

ಗಿಡ ನಿಂತರೆ ಸೊಳ್ಳೆ ನಿಲ್ಲುವುದಿಲ್ಲವೆಂದು ಅವಳು ನಂಬಿದ್ದಳು. ಆ ನಂಬಿಕೆ ಉಳಿಯಲಿಲ್ಲ. ಹುಟ್ಟಿದ ಹೆಣ್ಣುಕೂಸು ಮೊದಲ ಸಂಜೆಯೇ ಕಡಿಸಿಕೊಂಡು ಅತ್ತಿತು. ಆಗ ಹಟ್ಟಿಗೆ ಮರಳುತ್ತಿದ್ದ ಕುರಿಗಳು ಬೇಲಿಗೆ ಮೈಯುಜ್ಜಿಕೊಂಡು ಹೋದವು. ಲಕ್ಕಿಯ ಘಾಟು ಎದ್ದಿತು, ಅಳು ನಿಂತಿತು. ಕುರಿ ದಾಟಿದ ಸ್ವಲ್ಪ ಹೊತ್ತಿಗೆ ಮತ್ತೆ ಅಳು. ಎಲೆ ನಲುಗಿದರಷ್ಟೇ ವಾಸನೆ ಎಂಬುದು ಕಾಟವ್ವನಿಗೆ ತಿಳಿಯಿತು. ಮರುದಿನದಿಂದ ಅವಳು ಸಂಜೆಗೆ ಬಂದು, ಗಾಳಿ ತಣ್ಣಗಾಗುವವರೆಗೆ ಕೋಲಿನಿಂದ ಎಲೆ ಬಡಿಯುತ್ತ, ನೋಯುವ ಎಡಗಾಲನ್ನು ಎಳೆಯುತ್ತ ಸುತ್ತತೊಡಗಿದಳು.

"ಏನತ್ತೆ, ನಾನು ಓಡಿಹೋಗ್ತೀನಿ ಅಂತ ಕಾವಲಾ?" ಎಂದು ಒಳಗಿನಿಂದ ಸೊಸೆ ಕೇಳಿದಳಂತೆ.

"ಓಡೋಳನ್ನ ತಡೆಯಾಕೆ ಈ ಕಾಲಲ್ಲಿ ಬರ್ತಿದ್ನೇನೆ? ಹಾಲು ಕೊಟ್ಟು ಮಲಗು."

ಒಳಗಿದ್ದ ಕೂಸಿಗೆ ನೆಮ್ಮದಿಯಾಯಿತು. ಹೊರಗಿದ್ದವಳನ್ನು ಸೊಳ್ಳೆ ಬಿಡಲಿಲ್ಲ. ಜ್ವರ ಹಿಡಿದ ಕಾಟವ್ವ ಮಗ ಚಿತ್ತಯ್ಯನನ್ನು ಕರೆದು, "ನಾನು ಹೋದ್ರೆ ಅವಳಿಗೆ ಹೇಳಬ್ಯಾಡ. ಎದೆಹಾಲು ಬತ್ತೀತು. ಕೋಲು ಮಾತ್ರ ನಿಲ್ಲಬಾರದು," ಎಂದಳು. ಅವಳನ್ನು ಮಣ್ಣು ಮಾಡಿದ ಸಂಜೆಯೇ ಚಿತ್ತಯ್ಯ ಕೋಲು ಹಿಡಿದು ದಿಬ್ಬಕ್ಕೆ ಬಂದ. ಬೇಲಿಯ ಮೇಲೆ ತಲೆ ಕಾಣದಂತೆ ಬಗ್ಗಿ, ಹೆಜ್ಜೆಯ ಸದ್ದಿಗೆ ಹೆಂಡತಿ ಗುರುತು ಹಿಡಿದಾಳೆಂದು ಎಡಗಾಲು ಎಳೆದು ನಡೆದ.

ಅಷ್ಟರಲ್ಲಿ ಸಿರಿಯಮ್ಮನಿಗೆ ಆ ಸುತ್ತಿನ ಅರ್ಥ ಆಗಿತ್ತು. "ಅತ್ತೆ, ಕಾಲು ನೋಯಲ್ವಾ? ಒಂದಿಷ್ಟು ಕೂತ್ಕೊ," ಎಂದಳು. ಉತ್ತರ ಬರಲಿಲ್ಲ. ದನಿ ಹೊರಟರೆ ಎಲ್ಲವೂ ತಿಳಿದುಹೋಗುತ್ತಿತ್ತು. ಮುದುಕಿಗೆ ಇನ್ನೂ ಕೋಪವಿದೆಯೆಂದು ಅವಳು ದಿನವೂ ಏನಾದರೊಂದು ಹೇಳುತ್ತಿದ್ದಳು. ಕೂಸು ನಕ್ಕಿತೆಂದಳು; ಮೂಗು ನಿನ್ನದೇ, ಸಿಟ್ಟೂ ನಿನ್ನದೇ ಎಂದಳು. "ಹೊರಗೆ ಬಂದ ದಿನ ಮೊದಲು ನಿನ್ನ ಮಡಿಲಿಗೇ ಹಾಕ್ತೀನಿ. ಆವಾಗ್ಲಾದ್ರೂ ಮಾತಾಡು." ಬೇಲಿಯಾಚೆ ಕೋಲು ಎಲೆಗಳನ್ನು ಬಡಿಯುತ್ತಲೇ ಇತ್ತು.

ಸೂತಕ ಕಳೆದ ದಿನ ಅವಳು ಮಿಂದು, ಕೂಸನ್ನು ಎರಡೂ ಕೈಯಲ್ಲಿ ಮುಂದೆ ಹಿಡಿದುಕೊಂಡು ಬೇಲಿಯ ಬಾಯಿಗೆ ಬಂದಳು. ಎದುರಿಗೆ ಚಿತ್ತಯ್ಯ ನಿಂತಿದ್ದ. ತಲೆ ಬೋಳಿಸಿತ್ತು. ಕೈಯಲ್ಲಿ ಅತ್ತೆಯ ಕೋಲಿತ್ತು.

ಪಾತಯ್ಯ ದಿಬ್ಬದತ್ತ ಕೈ ತೋರಿಸಿದರು. ಆಮೇಲೆ ಹಟ್ಟಿಯವರು ಈ ದಿಬ್ಬದ ಮೇಲೆ ಗುಡಿಸಲು ಹಾಕಲಿಲ್ಲವಂತೆ. ಕೂಸು ಹುಟ್ಟಿದ ಮನೆಯ ಗಂಡ ಹೆಂಡತಿ ಮಾತ್ರ ಇಲ್ಲಿಗೆ ಬಂದು ಕೋಲು ಹಿಡಿದು ಸುತ್ತುತ್ತಾರಂತೆ. ಅಷ್ಟರಲ್ಲಿ ಸುತ್ತುತ್ತಿದ್ದವನು ಕೂಸನ್ನೆತ್ತಿಕೊಂಡು ಬಂದ ಹೆಂಡತಿಗೆ ಕೋಲನ್ನು ಕೊಟ್ಟು, ಅವಳ ಕೈಯಿಂದ ಕೂಸನ್ನು ತೆಗೆದುಕೊಂಡು ನೆಟ್ಟಗೆ ನಡೆದುಬಂದ. ಅವನ ಕಾಲಿಗೆ ಏನೂ ಆಗಿರಲಿಲ್ಲ. ಆ ಎಳೆಯ ಹೆಂಗಸು ಕಾಲುದಾರಿಗಿಳಿದು ಎಲೆಗಳನ್ನು ಬಡಿದಳು. ಆಮೇಲೆ ಎಡಗಾಲು ಎಳೆಯುತ್ತ ನಡೆಯತೊಡಗಿದಳು.