ಮೂರು ಸಲ ಕುಟ್ಟಿದ ಕರಟ

ಹನ್ನೆರಡು ಕರಟ ನವಣೆ ಇಟ್ಟರೆ ಮಳೆಗಾಲಕ್ಕೆ ಹತ್ತು ಕರಟ ವಾಪಸ್ಸು. ಉಳಿದ ಎರಡು ಬಿಲದ ಬಾಡಿಗೆ. ಇದು ಕರಿಬಂಡೆ ಕಾಡಿನ ಹೆಗ್ಗಣ ದ್ಯಾವಣ್ಣನ ಕರಾರು.

ಮಕ್ಕಳೇ, ಕರಾರಿನಲ್ಲಿ ಮೋಸವಿರಲಿಲ್ಲ. ಮೋಸ ಇದ್ದದ್ದು ಅಳತೆಯಲ್ಲಿ. ಕಾಳು ತೆಗೆದುಕೊಳ್ಳುವಾಗ ದ್ಯಾವಣ್ಣ ತುಂಬಿದ ಕರಟವನ್ನು ನೆಲಕ್ಕೆ ಮೂರು ಸಲ ಕುಟ್ಟುತ್ತಿದ್ದ. ಕುಟ್ಟಿದಾಗಲೆಲ್ಲ ಕಾಳು ಕೆಳಗಿಳಿದು ಮೇಲೆ ಜಾಗವಾಗುತ್ತಿತ್ತು. "ಇನ್ನೊಂದು ಹಿಡಿ ಹಾಕವ್ವ" ಅನ್ನುತ್ತಿದ್ದ. ಕೊಡುವಾಗ ಮಾತ್ರ ಕುಟ್ಟುವುದು ಮರೆತೇ ಹೋಗುತ್ತಿತ್ತು!

ಅಳಿಲು ತುಂಗವ್ವನಿಗೆ ಇದೆಲ್ಲ ಗೊತ್ತಿತ್ತು. ಆದರೆ ಗೂಡಿನಲ್ಲಿ ಮೂರು ಮರಿಗಳು, ಮಳೆ ಹತ್ತಿರ, ಕಾಳಿಡಲು ಬೇರೆ ಒಣ ಜಾಗವಿಲ್ಲ. ಬಾಯಿ ಮುಚ್ಚಿಕೊಂಡು ಹನ್ನೆರಡು ಕರಟವನ್ನೂ ಕರಿಬಂಡೆಯ ಕೆಳಗಿನ ಬಿಲಕ್ಕೆ ಸುರಿದಳು.

ಎಂಟು ದಿನವಾಗಿರಲಿಲ್ಲ. ಒಂದು ಬೆಳಿಗ್ಗೆ ನೆಲದೊಳಗೆ ಗುಡುಗಿನಂಥ ಸದ್ದಾಯಿತು. ಮರ ಬುಡದಿಂದ ತೂಗಾಡಿತು. ತುಂಗವ್ವ ಮರಿಗಳನ್ನು ಒಂದೊಂದಾಗಿ ಬಾಯಲ್ಲಿ ಕಚ್ಚಿಕೊಂಡು ಬಯಲಿಗೆ ತಂದಳು. ಅಷ್ಟರಲ್ಲಿ ನಡುಕ ನಿಂತಿತು. ಕಾಡಿನ ಪ್ರಾಣಿಗಳೆಲ್ಲ ಬಯಲಿನಲ್ಲಿ ಒತ್ತೊತ್ತಾಗಿ ಕೂತವು. ಎದುರಿಗೆ ಕರಿಬಂಡೆ ಸೀಳು ಬಿಟ್ಟು ವಾಲಿಕೊಂಡಿತ್ತು.

ಮಧ್ಯಾಹ್ನದವರೆಗೂ ಏನೂ ಆಗಲಿಲ್ಲ. ಬಾನಂಚಿನಲ್ಲಿ ಮೋಡ ಕಟ್ಟಿತು. ಮರಿಗಳು ಹಸಿವಿಗೆ ಕಿಚಗುಟ್ಟತೊಡಗಿದವು.

ದ್ಯಾವಣ್ಣ ಮೆಲ್ಲಗೆ ತುಂಗವ್ವನ ಪಕ್ಕಕ್ಕೆ ಸರಿದ. "ಮಳೆ ಬಂದರೆ ಆ ಸೀಳಿನಿಂದ ನೀರಿಳಿದು ಕಾಳೆಲ್ಲ ಮೊಳೆಯುತ್ತೆ. ನೀನು ಸಣ್ಣವಳು, ಚುರುಕಿನವಳು. ಒಳಗೆ ಹೋಗಿ ಕಾಳು ಹೊರಗೆ ಹಾಕು. ಈ ಸಲ ಬಾಡಿಗೆ ಬಿಟ್ಟೆ. ಹನ್ನೆರಡೂ ನಿನ್ನವೇ."

ಹನ್ನೆರಡು! ತುಂಗವ್ವನ ಮುಂಗಾಲು ತಾನಾಗಿ ಮುಂದೆ ಬಂತು. ಆದರೂ ಸೀಳು ಬಿಟ್ಟ ಬಂಡೆಯತ್ತ ನೋಡಿ ಕೇಳಿದಳು. "ನೆಲ ಮತ್ತೆ ನಡುಗಿದರೆ?"

"ಎಲ್ಲಿಂದ ನಡುಗುತ್ತೆ? ಕರಟ ಕುಟ್ಟಿದರೆ ಕಾಳು ಕೂರುತ್ತೆ. ಭೂಮಿಯೂ ಒಮ್ಮೆ ಕುಟ್ಟಿಕೊಂಡಿತು, ಕೂತಿತು."

ಹಿಂದಿನಿಂದ ಒಂದು ನಗು ಕೇಳಿಸಿತು. ಕಾಡಿನಲ್ಲೇ ಹಿರಿಯಳಾದ ಚಿಪ್ಪುಹಂದಿ ಈರಜ್ಜಿ. "ಬಿಲ ತೋಡಿದವನಿಗೆಲ್ಲ ಭೂಮಿ ಗೊತ್ತಿರುತ್ತೇನೋ ದ್ಯಾವಾ? ಭೂಮಿ ಒಂದು ಮಾವಿನಹಣ್ಣು ಅಂದುಕೋ. ನಾನೂ ನೀನೂ ಕೆರೆದದ್ದೆಲ್ಲ ಸಿಪ್ಪೆಯ ಮೇಲಿನ ಧೂಳು. ಸಿಪ್ಪೆಯ ಕೆಳಗೆ ದಪ್ಪ ತಿರುಳು. ಅದೂ ಕಲ್ಲೇ, ಆದರೆ ಕಾದು ಕಾದು ಇರುವೆಗಿಂತ ನಿಧಾನವಾಗಿ ಸರಿಯುವ ಕಲ್ಲು. ನಡುವಿನ ವಾಟೆ ಕಬ್ಬಿಣದ್ದು. ವಾಟೆಯ ಹೊರಭಾಗ ಕರಗಿದ ಕಬ್ಬಿಣ, ಒಳಗಿನ ಬೀಜ ಗಟ್ಟಿ."

"ಹೋಗಿ ನೋಡಿಕೊಂಡು ಬಂದೆಯಾ ಅಜ್ಜಿ?" ಎಂದು ದ್ಯಾವಣ್ಣ ಅಣಕಿಸಿದ.

"ಮಡಕೆ ಗಟ್ಟಿಯೋ ಟೊಳ್ಳೋ ಅಂತ ಕುಂಬಾರ ಒಡೆದು ನೋಡುತ್ತಾನಾ? ತಟ್ಟಿ, ಸದ್ದು ಕೇಳಿ ಹೇಳುತ್ತಾನೆ. ಭೂಮಿಯ ನಡುಕ ಒಳಗೆಲ್ಲ ಹಾದು ಬರುತ್ತೆ. ಕೇಳಬಲ್ಲವರು ಕೇಳಿ ತಿಳಿದದ್ದು ಇದು."

"ಹಾಗಾದರೆ ನಡುಗುವುದು ಯಾಕಜ್ಜಿ?" ಎಂದಳು ತುಂಗವ್ವ.

"ಸಿಪ್ಪೆ ಇಡಿಯಾಗಿಲ್ಲ ಮಗಾ, ಹೋಳು ಹೋಳು. ಹೋಳುಗಳು ಒಂದನ್ನೊಂದು ಒತ್ತುತ್ತಾ ವರ್ಷಗಟ್ಟಲೆ ಬಿಗಿದುಕೊಂಡಿರುತ್ತವೆ. ತಡೆಯಲಾರದೆ ಒಂದು ದಿನ ಸರ್ರನೆ ಜಾರುತ್ತವೆ. ಜಾರಿದ್ದು ಒಂದೇ ಸಲಕ್ಕೆ ನೆಲೆ ನಿಲ್ಲುವುದಿಲ್ಲ." ಅಜ್ಜಿ ಹೆಗ್ಗಣದತ್ತ ತಿರುಗಿದಳು. "ತುಂಗವ್ವನ ಕರಟ ಎಷ್ಟು ಸಲ ಕುಟ್ಟಿದೆ ನೀನು?"

ದ್ಯಾವಣ್ಣ ಮುಖ ತಿರುಗಿಸಿ ಮೋಡದತ್ತ ನೋಡಿದ.

"ಮೂರು ಸಲ," ಎಂದಳು ತುಂಗವ್ವ. "ಮೂರು ಸಲವೂ ಕಾಳು ಇಳಿಯಿತು." ಮುಂಗಾಲು ಹಿಂದಕ್ಕೆ ತೆಗೆದುಕೊಂಡಳು. "ನಾನು ಒಳಗೆ ಹೋಗಲ್ಲ ದ್ಯಾವಣ್ಣ. ಕಾಳು ಹೋದರೆ ಹೋಯಿತು."

"ಪುಕ್ಕಲಿ! ಹಾಗಾದರೆ ತಂದದ್ದೆಲ್ಲ ನನ್ನದೇ," ಎನ್ನುತ್ತಾ ದ್ಯಾವಣ್ಣ ಬಿಲಕ್ಕೆ ನುಗ್ಗಿದ. ಸೀಳಿನಿಂದ ಕಾಳು ಚಿಮ್ಮಿ ಹೊರಗೆ ಬೀಳತೊಡಗಿತು. ತುಂಗವ್ವ ಮರಿಗಳನ್ನು ಹೊಟ್ಟೆಗೆ ಒತ್ತಿಕೊಂಡು ನೋಡುತ್ತಿದ್ದಳು. ಒಂದು ರಾಶಿಯಾಯಿತು. ರಾಶಿ ಬೆಳೆಯಿತು. ತಪ್ಪು ಮಾಡಿದೆನೇನೋ ಅನ್ನಿಸಿತು.

ಆಗ ಅವಳ ಅಂಗಾಲಿನ ಕೆಳಗೆ ನೆಲ ಕುಟ್ಟಿತು.

ಕರಿಬಂಡೆ ಧೊಪ್ಪನೆ ಕೂತಿತು. ಧೂಳಿನೊಳಗಿಂದ "ಅಯ್ಯೋ, ಬಾಲ! ನನ್ನ ಬಾಲ!" ಎಂಬ ಕೂಗು ಬಂತು. ತುಂಗವ್ವ ಓಡಹೊರಟಳು, ಈರಜ್ಜಿ ತಡೆದಳು. "ನಿಲ್ಲು. ಇನ್ನೂ ಮುಗಿದಿಲ್ಲ." ಸಣ್ಣದೊಂದು ನಡುಕ ಬಂದು ಹೋಯಿತು. ಆಮೇಲೆ ಬಹಳ ಹೊತ್ತು ನೆಲ ಅಲುಗಲಿಲ್ಲ. ಅಜ್ಜಿ ಬಂಡೆಯಿಂದ ದೂರದಲ್ಲೇ ತೋಡತೊಡಗಿ, ಓರೆಯಾಗಿ ಹೋಗಿ ಹೆಗ್ಗಣವನ್ನು ಎಳೆದು ತಂದಳು. ಬಾಲ ಅರ್ಧ ಬಂಡೆಯಡಿಯಲ್ಲೇ ಉಳಿಯಿತು.

ದ್ಯಾವಣ್ಣ ಹೊರಗೆ ಬಿದ್ದ ಕಾಳನ್ನು ಕರಟಕ್ಕೆ ತುಂಬಿದ. ತುಂಗವ್ವನತ್ತ ನೀಡುವ ಮೊದಲು ಒಂದು ಸಲ ಕುಟ್ಟಿದ, ಕಾಳು ಹಾಕಿದ. ಎರಡನೇ ಸಲ ಕುಟ್ಟಿದ. ಮೂರನೇ ಸಲವೂ ಕುಟ್ಟಿದ. ಬಾಡಿಗೆಯ ಮಾತೆತ್ತಲಿಲ್ಲ.

ಇಟ್ಟದ್ದು ಹನ್ನೆರಡು ಕರಟ. ಕೈಗೆ ಬಂದದ್ದು ಏಳು, ಕುಟ್ಟಿ ಅಳೆದದ್ದು; ಉಳಿದದ್ದು ಬಂಡೆಯಡಿ ಹೋಯಿತು. ಮರಿಗಳು ಮೂರು, ತಾಯಿ ಒಂದು. ಆ ಲೆಕ್ಕದಲ್ಲಿ ಏನೂ ಕಡಿಮೆ ಬೀಳಲಿಲ್ಲ.

ನೀತಿ: ನೆಲ ಒಮ್ಮೆ ನಡುಗಿ ನಿಂತಿತೆಂದು ಕಾಳಿನಾಸೆಗೆ ಬಿಲ ಹೊಗಬೇಡ, ಕಾಳು ಮುಂದಿನ ಸುಗ್ಗಿಗೆ ಸಿಕ್ಕೀತು, ಜೀವ ಸಿಗದು.