ಗಡಿಯಲ್ಲಿ ಇಡ್ಲಿ ಹಿಟ್ಟು

ದಾವಣಗೆರೆಯಿಂದ ಕ್ರೊಯೇಷಿಯಾಕ್ಕೆ ಹೋಗಿದ್ದ ಪ್ರವಾಸಿಗರ ಗುಂಪಿನಲ್ಲಿ ಅವರಿಗೆ ಅಡುಗೆ ಮಾಡಿಹಾಕಲೆಂದೇ ಒಬ್ಬ ಅಡುಗೆಯವನಿದ್ದ. ಪಕ್ಕದ ಬೋಸ್ನಿಯಾದ ಹಳೇ ಕಲ್ಲಿನ ಸೇತುವೆ ನೋಡುವುದು ಅವನ ಆಸೆ. ಒಂದು ದಿನ ಎಲ್ಲರೂ ಅಲ್ಲಿಗೆ ಹೊರಟರು. ಮಧ್ಯಾಹ್ನ ಗಡಿಯಲ್ಲಿ ಎಲ್ಲರ ಪಾಸ್‌ಪೋರ್ಟಿಗೂ ಮುದ್ರೆ ಬಿತ್ತು, ಇವನದಕ್ಕೆ ಮಾತ್ರ ಬೀಳಲಿಲ್ಲ.

ವೀಸಾ, ವಿಮೆ, ಹೋಟೆಲ್ ಚೀಟಿ ಎಲ್ಲವನ್ನೂ ತೋರಿಸಿದ. ಅಧಿಕಾರಿ ಕುರ್ಚಿಗೆ ಒರಗಿಕೊಂಡು, "ಅಡುಗೆಯವನಿಗೆ ಯಾವ ಊರಲ್ಲೂ ಕೆಲಸ ಸಿಗುತ್ತೆ. ಸಂಜೆ ವಾಪಸ್ ಹೋಗ್ತೀಯ ಅನ್ನೋದಕ್ಕೆ ಏನು ಸಾಕ್ಷಿ?" ಎಂದ.

ಗೈಡ್ ಸುಗುಣಾ ಅದನ್ನು ಕನ್ನಡದಲ್ಲಿ ಹೇಳಿ, "ಬಸ್ಸು ಕಾಯಲ್ಲಣ್ಣ, ಬೇಗ ಏನಾದ್ರೂ ಹೇಳು" ಎಂದಳು.

"ರಾತ್ರಿ ನಲವತ್ತು ಜನರ ಇಡ್ಲಿಗೆ ಅಂತ ಬೆಳಗಿನ ಜಾವವೇ ಹಿಟ್ಟು ರುಬ್ಬಿ ಹೋಟೆಲ್ ಅಡುಗೆಮನೆಯಲ್ಲಿಟ್ಟು ಬಂದಿದೀನಿ ಮೇಡಂ. ಅದನ್ನ ಬಿಟ್ಟು ಎಲ್ಲಿ ಹೋಗಲಿ? ಬೇಕಾದ್ರೆ ಹೋಟೆಲಿಗೆ ಫೋನ್ ಮಾಡಿ ಕೇಳಲಿ."

ಹಿಟ್ಟು ಹೇಗೆ ಸಾಕ್ಷಿ ಹೇಳುತ್ತದೆ ಎಂಬ ಕುತೂಹಲಕ್ಕೆ ಅಧಿಕಾರಿ ಫೋನ್ ಮಾಡಿದ. ಕೇಳುತ್ತ ಕೇಳುತ್ತ ಅವನ ಬೆನ್ನು ನೆಟ್ಟಗಾಯಿತು. ಫೋನ್ ಇಟ್ಟವನೇ ಮುದ್ರೆ ಒತ್ತಿ ಹೇಳಿದ:

"ಪಾತ್ರೆಯ ಮುಚ್ಚಳ ತಾನಾಗೇ ಮೇಲೇಳ್ತಿದೆಯಂತೆ. ಅಡುಗೆಮನೆಗೆ ಕಾಲಿಡೋಕೆ ಯಾರಿಗೂ ಧೈರ್ಯ ಇಲ್ಲ. ಸಂಜೆಯೊಳಗೆ ನಿನ್ನನ್ನ ಕಳಿಸಲೇಬೇಕಂತೆ."

ಬಸ್ಸು ಹೊರಟ ಮೇಲೆ ಸುಗುಣಾ ಕೇಳಿದಳು: "ದೊಡ್ಡ ಪಾತ್ರೆ ಇರಲಿಲ್ವಾ?"

"ಇತ್ತು ಮೇಡಂ" ಎಂದ ಅಡುಗೆಯವನು. "ಹೋದ ವರ್ಷವೂ ಗಡಿಯಲ್ಲಿ ನನ್ನೊಬ್ಬನನ್ನೇ ನಿಲ್ಲಿಸಿದ್ರಲ್ಲ, ಅದಕ್ಕೇ ಚಿಕ್ಕದರಲ್ಲಿ ಹಾಕಿದೆ."